ಅರ್ಜಿಯ ಜೊತೆ ಬಂದ ಸ್ವರಲಿಪಿ

ಕಾಲೇಜು ಸೇರಲು ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆಗೆ ತಾನು ಹಾಡಿದ, ನುಡಿಸಿದ ಅಥವಾ ರಚಿಸಿದ ಸಂಗೀತವನ್ನೂ ಕಳುಹಿಸುವ ಅವಕಾಶವನ್ನು ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಇಂದು ನೀಡುತ್ತವೆ. ಅಂಕಗಳು ಹೇಳಲಾರದ್ದನ್ನು ಸಂಗೀತ ಹೇಳೀತು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಪರೀಕ್ಷಕರು ಮೆಚ್ಚಿದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆಯೇ? ಇಟಲಿಯ ಮಿಲಾನ್ ನಗರದಲ್ಲಿ 1832ರಲ್ಲಿ ನಡೆದ ಪ್ರಸಂಗವೊಂದು ಬೇರೆಯದನ್ನೇ ಹೇಳುತ್ತದೆ.

ಆ ವರ್ಷದ ಜೂನ್‌ನಲ್ಲಿ ಮಿಲಾನ್‌ನ ಸಂಗೀತ ವಿದ್ಯಾಲಯಕ್ಕೆ ಅರ್ಜಿ ಹಿಡಿದು ಬಂದವನು ಹದಿನೆಂಟರ ಜುಸೆಪ್ಪೆ ವೆರ್ದಿ. ಪಾರ್ಮಾ ಸಂಸ್ಥಾನದ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದವನ ಮಗ. ಹತ್ತಿರದ ಬುಸ್ಸೆತೊ ಊರಿನ ವರ್ತಕ ಅಂತೋನಿಯೊ ಬರೆತ್ಸಿ ಈ ಹುಡುಗನ ಬೆನ್ನಿಗೆ ನಿಂತಿದ್ದ. ವೆರ್ದಿ ಪರೀಕ್ಷಕರ ಮುಂದೆ ಪಿಯಾನೊ ನುಡಿಸಿದ್ದಲ್ಲದೆ, ತಾನೇ ರಚಿಸಿದ ಕೃತಿಗಳ ಸ್ವರಲಿಪಿಯನ್ನೂ ಒಪ್ಪಿಸಿದ.

ಕೃತಿಗಳ ಬಗ್ಗೆ ವಿದ್ಯಾಲಯದ ಮುಖ್ಯಸ್ಥ ಫ್ರಾಂಚೆಸ್ಕೊ ಬಸೀಲಿಯ ವರದಿ ಅನುಕೂಲವಾಗಿಯೇ ಇತ್ತು. ಯುವಕನಲ್ಲಿ ನಿಜವಾದ ಕಲ್ಪನಾಶಕ್ತಿಯಿದೆ. ಹಲವು ಸ್ವರಧಾರೆಗಳನ್ನು ಏಕಕಾಲದಲ್ಲಿ ಹೆಣೆಯುವ ಶಾಸ್ತ್ರವನ್ನು ತಾಳ್ಮೆಯಿಂದ ಕಲಿತರೆ ಒಳ್ಳೆಯ ರಚನೆಕಾರನಾಗಬಲ್ಲ ಎಂಬುದು ಅದರ ಸಾರಾಂಶ. ಆದರೆ ಪಿಯಾನೊ ಶಿಕ್ಷಕರಿಗೆ ಆತನ ಕೈಯಿಡುವ ರೀತಿಯೇ ಸರಿಕಾಣಲಿಲ್ಲ. ಆ ವಯಸ್ಸಿನಲ್ಲಿ ಅದನ್ನು ತಿದ್ದುವುದು ಕಷ್ಟವೆಂದರು. ಇದರ ಮೇಲೆ, ವಿದ್ಯಾಲಯ ಸೇರುವ ಸಾಮಾನ್ಯ ವಯೋಮಿತಿ ಹದಿನಾಲ್ಕು. ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ಮಿಲಾನ್‌ಗೆ ಪಾರ್ಮಾದವನು ಪರದೇಶಿ. ಸ್ಥಳಾವಕಾಶವೂ ಇರಲಿಲ್ಲ. ಅರ್ಜಿ ತಿರಸ್ಕೃತವಾಯಿತು.

ಪರೀಕ್ಷಕರನ್ನು ಕಿವುಡರೆಂದು ಹಳಿಯುವಂತಿಲ್ಲ. ಅವರ ಕಿವಿ ಸರಿಯಾಗಿಯೇ ಇತ್ತು. ಆದರೆ ಸ್ವರಲಿಪಿ ಹೇಳಿದ್ದು ನಿರ್ಧಾರವನ್ನು ಬದಲಿಸಲಿಲ್ಲ, ಅಷ್ಟೆ.

ವೆರ್ದಿ ಊರಿಗೆ ಮರಳಲಿಲ್ಲ. ಬರೆತ್ಸಿಯ ನೆರವಿನಿಂದ ಮಿಲಾನ್‌ನಲ್ಲೇ ಉಳಿದು, ಲಾ ಸ್ಕಾಲಾ ರಂಗಮಂದಿರದಲ್ಲಿ ದುಡಿದ ಅನುಭವಿ ವಿನ್ಚೆನ್ಸೊ ಲವೀನ್ಯಾನ ಬಳಿ ಖಾಸಗಿಯಾಗಿ ಪಾಠ ಹೇಳಿಸಿಕೊಂಡ. ಪರೀಕ್ಷಕರು ಸೂಚಿಸಿದ್ದ ಅದೇ ಶಾಸ್ತ್ರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ. ಒಂದೇ ಸ್ವರಗುಚ್ಛವನ್ನು ಹಲವು ಕಂಠಗಳು ಒಂದರ ಹಿಂದೊಂದು ಎತ್ತಿಕೊಂಡು ಸಾಗುವ ‘ಫ್ಯೂಗ್’ ರಚನೆಯೇ ಆ ಪಾಠಗಳ ತಿರುಳು. 1842ರಲ್ಲಿ ಲಾ ಸ್ಕಾಲಾದಲ್ಲಿ ಪ್ರದರ್ಶನಗೊಂಡ ‘ನಬುಕ್ಕೊ’ ಗೀತನಾಟಕ ಆತನನ್ನು ಪ್ರಸಿದ್ಧಿಗೆ ತಂದಿತು.

ಆದರೂ ನೋವು ಮಾಸಲಿಲ್ಲ. ತಿರಸ್ಕೃತ ಅರ್ಜಿಯನ್ನು ವೆರ್ದಿ ಕೊನೆಯವರೆಗೂ ಕಾಪಾಡಿಕೊಂಡಿದ್ದ. ವಿದ್ಯಾಲಯಕ್ಕೆ ತನ್ನ ಹೆಸರಿಡುವ ಮಾತು ಬಂದಾಗ ಮುದಿವಯಸ್ಸಿನಲ್ಲೂ ಸಿಡಿಮಿಡಿಗೊಂಡ. 1893ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ರಂಗಕ್ಕೆ ತಂದ ಕೊನೆಯ ಗೀತನಾಟಕ ‘ಫಾಲ್‌ಸ್ಟಾಫ್’ ಮುಗಿಯುವುದು ಒಂದು ಫ್ಯೂಗ್‌ನಿಂದ.

1901ರಲ್ಲಿ ವೆರ್ದಿ ತೀರಿಕೊಂಡ. ಅಂದು ಬಾಗಿಲು ಮುಚ್ಚಿದ ಆ ವಿದ್ಯಾಲಯದ ಹೆಸರು ಇಂದು ಜುಸೆಪ್ಪೆ ವೆರ್ದಿ ಸಂಗೀತ ವಿದ್ಯಾಲಯ.