ರೆಸಲ್‌ಮೇನಿಯಾ 3: ಹಿನ್ನೆಲೆಯ ಹಗೆತನಗಳು

1987ರ ಮಾರ್ಚ್ 29ರಂದು ಅಮೆರಿಕದ ಮಿಚಿಗನ್ ರಾಜ್ಯದ ಪಾಂಟಿಯಾಕ್ ಸಿಲ್ವರ್‌ಡೋಮ್‌ನಲ್ಲಿ ನಡೆದ ವೃತ್ತಿಪರ ಕುಸ್ತಿ ಪ್ರದರ್ಶನ. ಇದರ ಮುಖ್ಯ ಕಥೆ ಮುರಿದ ಗೆಳೆತನದ್ದು. ಚಾಂಪಿಯನ್ ಹಲ್ಕ್ ಹೋಗನ್‌ಗೆ ದೊಡ್ಡ ಟ್ರೋಫಿ ಕೊಟ್ಟು, ಹದಿನೈದು ವರ್ಷ ಸೋಲರಿಯದವನೆಂದು ಬಿಂಬಿತನಾಗಿದ್ದ ಆಂದ್ರೆ ದ ಜೈಂಟ್‌ಗೆ ಚಿಕ್ಕದನ್ನು ಕೊಟ್ಟದ್ದರಿಂದ ಆಂದ್ರೆ ಮುನಿದ. ಅವನು ಹೋಗನ್‌ನ ಹಳೆಯ ವೈರಿಯಾದ ಮ್ಯಾನೇಜರ್ ಬಾಬಿ ಹೀನನ್‌ನೊಂದಿಗೆ ‘ಪೈಪರ್ಸ್ ಪಿಟ್’ ಕಾರ್ಯಕ್ರಮಕ್ಕೆ ಬಂದು ಸವಾಲು ಹಾಕಿ, ಗೆಳೆಯನ ಅಂಗಿ ಹರಿದು ಕೊರಳಿನ ಶಿಲುಬೆ ಕಿತ್ತ. ಮೊದಲೇ ಹೆಣೆದ ಕಥೆಯಾದರೂ ಈ ದೃಶ್ಯದ ನೋವು ಇಂದಿಗೂ ನಿಜವೆನಿಸುತ್ತದೆ. 1986ರಲ್ಲಿ ರ‍್ಯಾಂಡಿ ಸ್ಯಾವೇಜ್ ರಿಂಗಿನ ಗಂಟೆಯಿಂದ ರಿಕಿ ಸ್ಟೀಮ್‌ಬೋಟ್‌ನ ಗಂಟಲಿಗೆ ಪೆಟ್ಟು ಕೊಟ್ಟದ್ದು ಇನ್ನೊಂದು ಹಗೆಯ ಮೂಲ. ಪ್ರದರ್ಶನದ ದಿನ ಹೋಗನ್ ದೈತ್ಯ ಆಂದ್ರೆಯನ್ನು ಎತ್ತಿ ಅಪ್ಪಳಿಸಿ ಪಟ್ಟ ಉಳಿಸಿಕೊಂಡ. ಸ್ಟೀಮ್‌ಬೋಟ್ ಇಂಟರ್‌ಕಾಂಟಿನೆಂಟಲ್ ಪಟ್ಟ ಗೆದ್ದು ಸೇಡು ತೀರಿಸಿಕೊಂಡ. ಕುಸ್ತಿಯ ಕೌಶಲದಲ್ಲಿ ಆ ಪಂದ್ಯವೇ ಮೇಲು.