ಲಾರಿಗಳ ಡಿಸ್ಕ್ ಬ್ರೇಕ್: ಬಿಡಿಭಾಗಗಳ ಆಯ್ಕೆ ಮತ್ತು ನಿರ್ವಹಣೆ

ಸಕಲೇಶಪುರದಿಂದ ಮಂಗಳೂರಿನತ್ತ ಶಿರಾಡಿ ಘಾಟಿ ಇಳಿಯುವ ಭರ್ತಿ ಲಾರಿಯ ಹಿಂದೆ ಕಾರು ಓಡಿಸಿದವರಿಗೆ ಸುಟ್ಟ ಬ್ರೇಕಿನ ವಾಸನೆ ಹೊಸದಲ್ಲ. ಅದರ ಹಿಂದೆ ಸರಳವಾದ ಲೆಕ್ಕವೊಂದಿದೆ. 40 ಟನ್ ತೂಕದ ವಾಹನ 700 ಮೀಟರ್‌ನಷ್ಟು ಕೆಳಕ್ಕಿಳಿಯಿತು ಎಂದಿಟ್ಟುಕೊಂಡರೆ, ಶಾಖವಾಗಿ ಹೊರಹೋಗಬೇಕಾದ ಶಕ್ತಿ ಸುಮಾರು 27 ಕೋಟಿ ಜೂಲ್. 870 ಲೀಟರ್ ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಎಂಜಿನ್ ಬ್ರೇಕ್ ಮತ್ತು ಟೈರಿನ ಘರ್ಷಣೆ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ. ಉಳಿದುದನ್ನೆಲ್ಲ ಗಾಲಿಯೊಳಗಿನ ಎರಕದ ಕಬ್ಬಿಣವೇ ತಾಳಿಕೊಳ್ಳಬೇಕು.

ನಮ್ಮ ಲಾರಿಗಳಲ್ಲಿ ಬಹುಪಾಲು ಇಂದಿಗೂ ಡ್ರಮ್ ಬ್ರೇಕ್ ಇರುವಂಥವು. ಡ್ರಮ್ ಕಾದಾಗ ಹಿಗ್ಗಿ, ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಚಾಲಕ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಸಡಿಲವಾಗುವುದು ಈ ಕಾರಣದಿಂದ. ಡಿಸ್ಕ್ ಕಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ ಕೂಡ. ಯುರೋಪಿನಲ್ಲಿ 1990ರ ದಶಕದಿಂದಲೇ ಭಾರಿ ಲಾರಿಗಳು ಡಿಸ್ಕಿನತ್ತ ಹೊರಳಿದವು. ಗಂಟೆಗೆ 60 ಮೈಲಿ ವೇಗದಲ್ಲಿರುವ ಭರ್ತಿ ಲಾರಿ ನಿಲ್ಲಲು ಇದ್ದ 355 ಅಡಿಗಳ ಮಿತಿಯನ್ನು ಅಮೆರಿಕ 2009ರ ನಿಯಮದ ಮೂಲಕ ಬಹುತೇಕ ಟ್ರ್ಯಾಕ್ಟರ್ ಲಾರಿಗಳಿಗೆ 250 ಅಡಿಗೆ ಇಳಿಸಿದ ಬಳಿಕ ಅಲ್ಲಿಯೂ ಡಿಸ್ಕಿಗೆ ಬೇಡಿಕೆ ಹೆಚ್ಚಿತು. ನಮ್ಮಲ್ಲಿ ದೂರದ ಊರುಗಳಿಗೆ ಓಡುವ ಐಷಾರಾಮಿ ಬಸ್‌ಗಳು ಹಾಗೂ ದುಬಾರಿ ದರ್ಜೆಯ ಲಾರಿಗಳ ಮೂಲಕ ಈ ತಂತ್ರಜ್ಞಾನ ಗ್ಯಾರೇಜುಗಳಿಗೆ ಬಂದಿದೆ. ಆದರೆ ಡ್ರಮ್ ಬ್ರೇಕಿನ ಕಾಲದ ರಿಪೇರಿ ಅಭ್ಯಾಸಗಳು ಇನ್ನೂ ಹೋಗಿಲ್ಲ. ತೊಂದರೆ ಆರಂಭವಾಗುವುದು ಅಲ್ಲಿಯೇ.

<b>ಪ್ಯಾಡ್ ಕೊಳ್ಳುವಾಗ</b>

ಗಾಳಿಯ ಒತ್ತಡ ಲಿವರ್ ಒಂದನ್ನು ತಳ್ಳಿ ಒಳಬದಿಯ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಜಾರಿ ಹೊರಬದಿಯ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಇಷ್ಟೇ ಇದರ ರಚನೆ. ಹೀಗಾಗಿ ಪ್ಯಾಡಿನ ಆಕಾರ ಕ್ಯಾಲಿಪರಿಗೆ ಕರಾರುವಾಕ್ಕಾಗಿ ಹೊಂದಲೇಬೇಕು. ಲಾರಿಯ ಹೆಸರು ಹೇಳಿ ಪ್ಯಾಡ್ ಕೇಳುವುದಕ್ಕಿಂತ ಹಳೆಯ ಪ್ಯಾಡಿನ ಹಿಂಬದಿ ಫಲಕದ ಮೇಲಿರುವ ಐದು ಅಂಕಿಗಳ ಡಬ್ಲ್ಯುವಿಎ ಸಂಖ್ಯೆಯನ್ನು ಬರೆದುಕೊಂಡು ಹೋಗುವುದು ಕ್ಷೇಮ. ಒಂದೇ ಮಾದರಿಯ ಲಾರಿಗೆ ಬೇರೆ ಬೇರೆ ತಯಾರಕರ ಕ್ಯಾಲಿಪರ್ ಇರುವುದುಂಟು.

ಫಲಕದ ಮೇಲೆ ವೃತ್ತದೊಳಗೆ 'ಇ' ಅಕ್ಷರ ಹಾಗೂ '90ಆರ್' ಎಂದು ಆರಂಭವಾಗುವ ಸಂಖ್ಯೆ ಇದ್ದರೆ, ಅದು ಬದಲಿ ಪ್ಯಾಡುಗಳಿಗೆ ಯುರೋಪಿನಲ್ಲಿ ಅನ್ವಯಿಸುವ ಆರ್-90 ನಿಯಮದಂತೆ ಪರೀಕ್ಷೆಗೊಳಗಾದ ಮಾಲು ಎಂದರ್ಥ. 'ಎಫ್‌ಎಫ್', 'ಇಎಫ್' ಎಂಬ ಜೋಡಿ ಅಕ್ಷರಗಳೂ ಕೆಲವುದರ ಮೇಲೆ ಕಾಣಸಿಗುತ್ತವೆ. ಮೊದಲ ಅಕ್ಷರ ಸಾಧಾರಣ ಉಷ್ಣತೆಯಲ್ಲಿನ ಘರ್ಷಣೆಯ ಮಟ್ಟ, ಎರಡನೆಯದು ಕಾದಾಗಿನ ಮಟ್ಟ. ಅಂಗಡಿಯವರು ಇದನ್ನು ಗುಣಮಟ್ಟದ ದರ್ಜೆಯೆಂದು ಹೇಳುವುದುಂಟು, ಅದು ಸರಿಯಲ್ಲ. ಬಾಳಿಕೆಯ ಬಗ್ಗೆ ಆ ಅಕ್ಷರಗಳು ಏನನ್ನೂ ಹೇಳುವುದಿಲ್ಲ.

ಅಗ್ಗದ ಡುಪ್ಲಿಕೇಟ್ ಪ್ಯಾಡುಗಳಲ್ಲಿ ನಿಜವಾದ ಅಪಾಯವಿರುವುದು ಅಂಟಿನಲ್ಲಿ. ಘರ್ಷಣೆಯ ಪದರ ಹಿಂಬದಿಯ ಫಲಕದಿಂದ ಕಳಚಿಕೊಂಡರೆ ಲೋಹಕ್ಕೆ ಲೋಹವೇ ತಾಗುತ್ತದೆ. ಕಂತು ಕಟ್ಟುವ ಮಾಲೀಕ ಅಲ್ಲಿ ಕೆಲವು ಸಾವಿರ ಉಳಿಸುತ್ತಾನೆ. ಆ ಪ್ಯಾಡಿನ ಮೇಲೆ ಘಾಟಿ ಇಳಿಯುವವನು ಮಾತ್ರ ಚಾಲಕ. ಕೊಳ್ಳುವ ಮುನ್ನ ಚಾಲಕನನ್ನು ಕೇಳುವ ಮಾಲೀಕರು ಅಪರೂಪ.

<b>ಅಳತೆಯೇ ಪ್ರಮಾಣ</b>

22.5 ಇಂಚಿನ ಗಾಲಿಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ ಯುರೋಪ್ ಮೂಲದ ವಿನ್ಯಾಸಗಳಲ್ಲಿ ಹೊಸ ಡಿಸ್ಕಿನ ದಪ್ಪ 45 ಮಿ.ಮೀ. ಅದು 37 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು. ಹೊಸ ಪ್ಯಾಡ್ ಫಲಕವೂ ಸೇರಿ 30 ಮಿ.ಮೀ. ಇರುತ್ತದೆ, ಘರ್ಷಣೆಯ ಪದರ 2 ಮಿ.ಮೀ. ಉಳಿದಾಗ ಅದರ ಆಯುಷ್ಯ ಮುಗಿಯಿತು. ಇವು ಸಾಮಾನ್ಯ ಅಂಕಿಗಳು, ಆಯಾ ವಾಹನದ ಕೈಪಿಡಿಯೇ ಅಂತಿಮ. ಡಿಸ್ಕಿನ ಮೈಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಬಿರುಕುಗಳಿಗೆ ಗಾಬರಿಯಾಗಬೇಕಿಲ್ಲ. ಬಿರುಕು ಅಂಚಿನವರೆಗೆ ತಲುಪಿದ್ದರೆ ಮಾತ್ರ ಆ ಡಿಸ್ಕನ್ನು ಮತ್ತೆ ರಸ್ತೆಗೆ ಇಳಿಸಬಾರದು.

ಬದಲಿಸುವಾಗ ಒಂದು ಆಕ್ಸಲ್‌ನ ಎರಡೂ ಬದಿಯ ಪ್ಯಾಡುಗಳನ್ನು ಒಟ್ಟಿಗೇ ಬದಲಿಸಬೇಕು. ಸವೆದ ಕಡೆಗೆ ಮಾತ್ರ ಹೊಸದನ್ನು ಹಾಕಿದರೆ ಬ್ರೇಕ್ ಒತ್ತಿದಾಗ ಲಾರಿ ಒಂದು ಪಕ್ಕಕ್ಕೆ ಎಳೆಯುವ ಸಂಭವವಿದೆ, ಮಳೆಗಾಲದ ತಿರುವಿನಲ್ಲಿ ಅದು ಸಣ್ಣ ದೋಷವಲ್ಲ.

ಹೊರಬದಿಯ ಪ್ಯಾಡಿಗಿಂತ ಒಳಬದಿಯದು ಬೇಗ ಸವೆದಿದ್ದರೆ ಪ್ಯಾಡನ್ನು ದೂರುವ ಮೊದಲು ಕ್ಯಾಲಿಪರಿನ ಪಿನ್ನುಗಳನ್ನು ನೋಡಬೇಕು. ರಬ್ಬರ್ ಹೊದಿಕೆ ಹರಿದು ನೀರು, ಮಣ್ಣು ಒಳಹೊಕ್ಕು ಪಿನ್ ಹಿಡಿದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಸಮತಟ್ಟಾದ ನೆಲದಲ್ಲಿ ಗಾಲಿಗಳಿಗೆ ಮರದ ದಿಮ್ಮಿ ಅಡ್ಡಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ ತಳ್ಳಿದಾಗ ಕ್ಯಾಲಿಪರ್ ಕೈಬಲಕ್ಕೇ ಜಾರಬೇಕು. ಜಾರದಿದ್ದರೆ ಹೊಸ ಪ್ಯಾಡ್ ಹಾಕಿಯೂ ಪ್ರಯೋಜನವಿಲ್ಲ. ಕೆಲವೇ ತಿಂಗಳಲ್ಲಿ ಅದೇ ಗತಿ. ಸಿಕ್ಕ ಗ್ರೀಸನ್ನು ಬಳಿಯುವುದೂ ತಪ್ಪು, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪ್ಯಾಡಿನ ಸವೆತಕ್ಕೆ ತಕ್ಕಂತೆ ಅಂತರವನ್ನು ಸರಿಪಡಿಸುವ ಸಾಧನ ಕ್ಯಾಲಿಪರಿನ ಒಳಗೇ ಇದೆ. ಹೊಸ ಪ್ಯಾಡ್ ಕೂರಿಸಲು ಅದನ್ನು ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಇಲ್ಲಿ ಕೈ ಸ್ಪ್ಯಾನರ್ ಮಾತ್ರ ಬಳಸಬೇಕು. ಗಡಿಬಿಡಿಯಲ್ಲಿ ಏರ್ ಗನ್ ಹಚ್ಚಿದರೆ ಒಳಗಿನ ಭಾಗಗಳು ಮುರಿದು ಇಡೀ ಕ್ಯಾಲಿಪರ್ ಹೋಗುತ್ತದೆ. ಒಂದು ಪ್ಯಾಡ್ ಸೆಟ್ಟಿನ ಉಳಿತಾಯ ಅದರ ಮುಂದೆ ಏನೂ ಅಲ್ಲ. ಕೂರಿಸಿದ ಬಳಿಕ ಹತ್ತಾರು ಬಾರಿ ಪೆಡಲ್ ಒತ್ತಿ ಬಿಟ್ಟರೆ ಅಂತರ ತಾನಾಗಿ ಹೊಂದಿಕೊಳ್ಳುತ್ತದೆ, ಆಗ ಎತ್ತಿದ ಗಾಲಿಯನ್ನು ಕೈಯಲ್ಲಿ ತಿರುಗಿಸಿ ನೋಡಬಹುದು.

ಹಿಂದಿನ ಆಕ್ಸಲ್‌ನ ಬ್ರೇಕ್ ಚೇಂಬರಿನೊಳಗೆ ಬಲವಾದ ಸ್ಪ್ರಿಂಗ್ ಒತ್ತಿ ಕುಳಿತಿರುತ್ತದೆ. ಅದನ್ನು ಬೋಲ್ಟ್‌ನಿಂದ ಬಂಧಿಸದೆ ಚೇಂಬರ್ ಬಿಚ್ಚಲು ಹೋದರೆ ಪ್ರಾಣಾಪಾಯ. ಬ್ರೇಕಿನ ದೂಳನ್ನು ಗಾಳಿಯ ಪೈಪಿನಿಂದ ಊದುವ ಚಾಳಿಯನ್ನೂ ಗ್ಯಾರೇಜುಗಳು ಬಿಡಬೇಕು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದ್ದು, ಅದರ ಎಳೆಗಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್‌ಗೂ ಕಾರಣವಾಗಬಲ್ಲವು.

ಡಿಸ್ಕ್ ಬ್ರೇಕಿನ ಟ್ರ್ಯಾಕ್ಟರಿಗೆ ಡ್ರಮ್ ಬ್ರೇಕಿನ ಟ್ರೈಲರ್ ಜೋಡಿಸುವವರು ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ದೀರ್ಘ ಇಳಿಜಾರಿನಲ್ಲಿ ಟ್ರೈಲರಿನ ಡ್ರಮ್‌ಗಳು ಕಾದು ಹಿಡಿತ ಬಿಟ್ಟಂತೆ ಹೊರೆಯೆಲ್ಲ ಮುಂದಿನ ಡಿಸ್ಕುಗಳ ಮೇಲೆ ಬೀಳುತ್ತದೆ. ಇಂಥ ಲಾರಿಯ ಪ್ಯಾಡ್ ನಿರೀಕ್ಷೆಗಿಂತ ಬೇಗ ಸವೆದಿದ್ದರೆ ಅದರ ಕಾರಣವನ್ನು ಟ್ರೈಲರಿನ ಗಾಲಿಗಳಲ್ಲಿ ಹುಡುಕಬೇಕು.