‘ಕನ್ನಡ’ ಇರಬೇಕಾದಲ್ಲಿ ಪೌಂಡ್ ಗುರುತು ಯಾಕೆ ಬರುತ್ತದೆ?

ಪಂಚಾಯಿತಿಯಿಂದಲೋ ಡಿಟಿಪಿ ಅಂಗಡಿಯಿಂದಲೋ ವಾಟ್ಸ್‌ಆ್ಯಪ್‌ಗೆ ಒಂದು ವರ್ಡ್ ಫೈಲು ಬರುತ್ತದೆ. ತೆರೆದು ನೋಡಿದರೆ ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪಕ್ಕದಲ್ಲೇ ಬ್ರಿಟನ್ನಿನ ಪೌಂಡ್ ಹಣದ ಗುರುತು! ವೈರಸ್ ಹೊಕ್ಕಿದೆ ಎಂದು ಹೆದರಿ ಫೈಲನ್ನೇ ಅಳಿಸಿದವರನ್ನು ನಾವು ನೋಡಿದ್ದೇವೆ. ಅದು ವೈರಸ್ ಅಲ್ಲ, ಒಂದು ಹಳೆಯ ಉಪಾಯದ ಗುರುತು.

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಅಮೆರಿಕದವರು 1963ರಲ್ಲಿ ಆಸ್ಕಿ ಎಂಬ ಪಟ್ಟಿ ಮಾಡಿದರು. ಅದರಲ್ಲಿದ್ದದ್ದು 128 ಸ್ಥಾನ. ಮುಂದೆ ಅದನ್ನು 256ಕ್ಕೆ ಹಿಗ್ಗಿಸಿದಾಗ ಯುರೋಪಿನ ಅಕ್ಷರಗಳು ಸೇರಿದವು, ಕನ್ನಡ ಸೇರಲಿಲ್ಲ.

ಆಗ ನಮ್ಮವರು ಸುಮ್ಮನೆ ಕೂರಲಿಲ್ಲ. ಫಾಂಟಿನೊಳಗಿನ ಇಂಗ್ಲಿಷ್ ಅಕ್ಷರಗಳ ಚಿತ್ರ ತೆಗೆದು ಕನ್ನಡದ ತುಂಡುಗಳನ್ನು ಕೂರಿಸಿದರು. ಪಿ ಜಾಗದಲ್ಲಿ ತಲೆಕಟ್ಟಿಲ್ಲದ ಕ, ಗೀಟಿನ ಎ ಜಾಗದಲ್ಲಿ ಬರೀ ತಲೆಕಟ್ಟು. ಎರಡೂ ಸೇರಿದರೆ ಕಣ್ಣಿಗೆ ಕ. ಕಂಪ್ಯೂಟರಿನ ಪಾಲಿಗೆ ಮಾತ್ರ ಅದು ಇಂಗ್ಲಿಷೇ. ಆ ಫಾಂಟ್ ಇಲ್ಲದ ಮೊಬೈಲಿಗೆ ಬಂದಾಗ ವೇಷ ಕಳಚುತ್ತದೆ, ಅಷ್ಟೆ.

ಈ ಉಪಾಯವನ್ನು ಹಗುರವಾಗಿ ನೋಡಲು ನಮಗೆ ಮನಸ್ಸಿಲ್ಲ. 26 ಇಂಗ್ಲಿಷ್ ಕೀಲಿಗಳಲ್ಲೇ ಇಡೀ ಕನ್ನಡ ಬೆರಳಚ್ಚಿಸುವ ವಿನ್ಯಾಸ ಕೊಟ್ಟವರು ಕೆ.ಪಿ. ರಾವ್. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಇವಿಲ್ಲದಿದ್ದರೆ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರ್ ಕನ್ನಡ ಕಾಣಲು ಇನ್ನೆಷ್ಟು ವರ್ಷ ಬೇಕಿತ್ತೋ!

ಸೋಜಿಗವೆಂದರೆ, ಅಷ್ಟರಲ್ಲಾಗಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಸಿಕ್ಕಿದ್ದವು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಮಾಡಹೊರಟ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದು 1991ರ ಅಕ್ಟೋಬರಿನಲ್ಲಿ. ಅದರಲ್ಲೇ ಕನ್ನಡವಿತ್ತು. ಅಲ್ಲಿ ಕ ಅಂದರೆ 3221, ಜಗತ್ತಿನ ಯಾವ ಯಂತ್ರದಲ್ಲಾದರೂ 3221.

ಆದರೆ ಸಂಖ್ಯೆ ಸಿಕ್ಕರೆ ಸಾಲದು. ‘ಕ್ಷ’ ಎಂಬುದು ಯೂನಿಕೋಡಿನಲ್ಲಿ ಮೂರು ಸಂಖ್ಯೆ: ಕ, ಹಲಂತ, ಷ. ಅವನ್ನು ಬೆಸೆದು ಒಂದೇ ಅಕ್ಷರವಾಗಿ ತೋರಿಸುವ ವಿದ್ಯೆಯನ್ನು ಯಂತ್ರ ಕಲಿಯಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂತು. ಆಂಡ್ರಾಯ್ಡ್ ಫೋನುಗಳು ಕನ್ನಡ ಕಲಿಯಲು 2012ರ 4.1 ಆವೃತ್ತಿವರೆಗೆ ಕಾಯಬೇಕಾಯಿತು. ಅಚ್ಚಿನ ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಕೊನೆಯವರೆಗೂ ಕಲಿಯಲೇ ಇಲ್ಲ. ಡಿಟಿಪಿ ಅಂಗಡಿಗಳು ಹಳೆಯ ಫಾಂಟು ಬಿಡದಿರಲು ಇದೂ ಒಂದು ಕಾರಣ.

ನಡುವಿನ ವರ್ಷಗಳ ಗ್ರಾಮಸಭೆ ನಡಾವಳಿ, ಸಂಘದ ಲೆಕ್ಕಪತ್ರ, ಜಾತ್ರೆಯ ಸ್ಮರಣ ಸಂಚಿಕೆ ಎಷ್ಟೋ ಈ ವೇಷದಲ್ಲೇ ಉಳಿದಿವೆ. ಊರಿನ ಹೆಸರು ಕೊಟ್ಟು ಹುಡುಕಿದರೆ ಸಿಗವು, ಏಕೆಂದರೆ ಆ ಫೈಲಿನಲ್ಲಿ ಊರಿನ ಹೆಸರೇ ಇಲ್ಲ, ಇರುವುದು ಪಿ ಮತ್ತು ಪೌಂಡ್.

ಬಿಡಿಸಿ ಓದಲು ದಾರಿಯಿದೆ. ಕನ್ನಡದ ಪ್ರೋಗ್ರಾಮರುಗಳು ಪರಿವರ್ತಕಗಳನ್ನು ಬರೆದು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಕೆಲಸ ಸುಲಭದ್ದಲ್ಲ. ‘ಸೂರ್ಯ’ದ ಅರ್ಕಾವತ್ತು ಹಳೆಯ ಫೈಲಿನಲ್ಲಿ ಯ ಆದಮೇಲೆ ಕೂತಿರುತ್ತದೆ, ಯೂನಿಕೋಡಿಗೆ ರ ಮೊದಲು ಬೇಕು. ನಡುವೆ ನಿಜವಾದ ಇಂಗ್ಲಿಷ್ ಪದವಿದ್ದರೆ ಅದೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಹಾಗಾಗಿ ನಾವು ಮೂಲ ಫೈಲನ್ನು ಅಳಿಸದೆ ಪಕ್ಕದಲ್ಲಿಟ್ಟುಕೊಂಡು, ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡುತ್ತೇವೆ.